ಕಾಟ್ಲಾ ಒಪ್ಪಿದ ಬಾಡಿಗೆದಾರ

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿ ಜುಲೈ ಹದಿಮೂರನೆಯ ತಾರೀಖು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಅತ್ತೆ ಚಂದ್ರಭಾಗಮ್ಮನವರು ಬಸ್ಸಿನ ಮೆಟ್ಟಿಲಿಳಿದರು. ಅವರ ಹಿಂದೆ ನನ್ನ ಹೆಂಡತಿ ವಾರಿಜ ಇಳಿದಳು. ಅವಳ ಹಿಂದೆ ಒಂದು ಕಬ್ಬಿಣದ ಟ್ರಂಕು, ಒಂದು ಹಾಸಿಗೆ ಸುರುಳಿ, ಕೊನೆಗೆ ಕಂಡಕ್ಟರನ ಶಾಪಗಳೊಡನೆ ಒಂದು ಒರಳುಕಲ್ಲು ಇಳಿಯಿತು. ಆ ಬಸ್ಸು ಏಳು ಗಂಟೆಗೆ ಬರಬೇಕಾಗಿತ್ತು. ಆ ಊರಿಗೆ ಬಸ್ಸು ಹೊತ್ತಿಗೆ ಮುಂಚೆ ಬಂದದ್ದು ಅದೇ ಮೊದಲು. ನನಗೆ ತಿಳಿದ ಮಟ್ಟಿಗೆ ಅದೇ ಕೊನೆ.

“ಮನೆ ಎಲ್ಲಿ ಅಳಿಯಂದ್ರೇ?” ಎಂದರು ಅತ್ತೆ. ಬಸ್‌ಸ್ಟ್ಯಾಂಡಿನ ಬೇವಿನ ಮರದಿಂದ ಎರಡು ಕಾಗೆ ಹಾರಿದವು.

“ಇಲ್ಲೇ, ಹತ್ತಿರ,” ಎಂದೆ.

ಮನೆ ಹತ್ತಿರವಿದ್ದದ್ದು ನಿಜ. ಟ್ರಂಕ್‌ಕಾಲ್ ಮಾಡಿ ನಾನು ಹೇಳಿದ್ದ ಹಾಗೆ ಅದಕ್ಕೆ ಪೂರ್ವದಿಕ್ಕಿನ ಬಾಗಿಲಿತ್ತು, ಅಂಗಳದಲ್ಲಿ ನಲ್ಲಿ ಇತ್ತು, ಅಡುಗೆಮನೆಗೆ ಎರಡು ಕಿಟಕಿ ಇದ್ದವು. ಅದು ಇನ್ನೂ ನನಗೆ ಸಿಕ್ಕಿರಲಿಲ್ಲ ಎನ್ನುವುದೊಂದನ್ನು ಮಾತ್ರ ಹೇಳಿರಲಿಲ್ಲ. ಆ ಊರಿನ ಕಾಲೇಜಿಗೆ ಪ್ರಾಣಿಶಾಸ್ತ್ರದ ಅಧ್ಯಾಪಕನಾಗಿ ಬಂದು ಮೂರು ವಾರವಾಗಿತ್ತು. ಅಷ್ಟು ದಿನವೂ ನಾನು ಪ್ರಯೋಗಾಲಯದಲ್ಲಿ ಕಪ್ಪೆ ಕೊಯ್ಯುವ ಮೇಜಿನ ಮೇಲೆ ಮಲಗುತ್ತಿದ್ದೆ. ಮದುವೆಯಾಗಿ ಎಂಟು ತಿಂಗಳಾದರೂ ವಾರಿಜ ತವರಿನಲ್ಲೇ ಇದ್ದಳು. ಅತ್ತೆಯವರ ಮಾತು ಖಂಡತುಂಡ: “ಮನೆ ನೋಡ್ತೀನಿ. ಸರಿ ಇದ್ರೆ ಮಗಳನ್ನ ಬಿಟ್ಟು ಅದೇ ಬಸ್ಸಿಗೆ ನಾನು ವಾಪಸ್. ಸರಿ ಇಲ್ದಿದ್ರೆ ಇಬ್ರೂ ವಾಪಸ್.” ಮನೆ ಸಿಗುತ್ತದೋ ಇಲ್ಲವೋ ಎಂಬುದನ್ನು ಆ ದಿನ ನಾಲ್ಕು ಗಂಟೆಗೆ ಹದಿನೆಂಟು ಕಿಲೋ ತೂಕದ ಒಂದು ಕಾಟ್ಲಾ ಮೀನು ತೀರ್ಮಾನಿಸಲಿತ್ತು.

ಆ ಊರಿನ ಕೆರೆಯ ಮೀನುಗಳು ದಿನವೂ ನಾಲ್ಕಕ್ಕೆ ಕೆರೆಯಿಂದೆದ್ದು ಊರೊಳಗೆ ಬರುತ್ತವೆ, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುತ್ತವೆ. ಕೋಡಿ ಕಡೆಯ ಬೀದಿಗೆ ಮೊದಲು ಬರುತ್ತವೆ, ಪೇಟೆಬೀದಿಗೆ ಆಮೇಲೆ. ಆಳೆತ್ತರದ ಗಾಳಿಯಲ್ಲಿ, ನೀರಿನಲ್ಲಿ ಈಜುವ ಹಾಗೆಯೇ ಬಾಲ ಬೀಸಿ ಈಜುತ್ತವೆ. ಗಾಳಿಯಲ್ಲಿ ಹೇಗೆ ಉಸಿರಾಡುತ್ತವೆ ಎಂದು ನಾನು ಬಂದ ಹೊಸದರಲ್ಲಿ ಒಬ್ಬರನ್ನು ಕೇಳಿದ್ದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನೀವು ಹೇಗೆ ಉಸಿರಾಡ್ತೀರಿ?” ಎಂದಿದ್ದರು. ಆಮೇಲೆ ಕೇಳಲಿಲ್ಲ.

ಜನ ಒಗ್ಗಿಕೊಂಡಿದ್ದರು. ನಾಲ್ಕಾಗುತ್ತಿದ್ದಂತೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಒಣಹಾಕಿದ ಬಟ್ಟೆಯನ್ನು ಒಳಗೆ ತರುತ್ತಿದ್ದರು, ಏಕೆಂದರೆ ಮೀನಿನ ಮೈಲೋಳೆ ಪಂಚೆಗೆ ಹತ್ತಿದರೆ ಸೀಗೆಪುಡಿಗೂ ಬಿಡುವುದಿಲ್ಲ. ಬಸ್ಸುಗಳು ದೀಪ ಹಚ್ಚುವವರೆಗೆ ನಿಂತಲ್ಲೇ ನಿಲ್ಲುತ್ತಿದ್ದವು. ಮೀನಿಗೆ ರೆಪ್ಪೆ ಇಲ್ಲದ್ದರಿಂದ ಅದು ನಿದ್ದೆ ಮಾಡುತ್ತಿದೆಯೋ ನಮ್ಮನ್ನೇ ನೋಡುತ್ತಿದೆಯೋ ಹೇಳಲು ಬರುವುದಿಲ್ಲ. ಹಾಗಾಗಿ ಆ ಊರಿನ ಹೆಂಗಸರು ಸೀರೆ ಬದಲಿಸುವ ಮುಂಚೆ ಕಿಟಕಿಯ ಮೀನಿಗೆ ಒಂದು ಚಾದರ ಹೊದಿಸಿ ಬರುತ್ತಿದ್ದರು. ಬೆನ್ನು ಕಪ್ಪು, ಹೊಟ್ಟೆ ಬಿಳಿ. ನೀರಲ್ಲಿದ್ದಾಗ ಮೇಲಿನ ಹದ್ದಿಗೂ ಕೆಳಗಿನ ಶತ್ರುವಿಗೂ ಕಾಣದಿರಲೆಂದು ಪ್ರಕೃತಿ ಮಾಡಿಕೊಟ್ಟ ಉಪಾಯ ಅದು. ಆದರೆ ಬಿಳಿ ಆಕಾಶದ ಕೆಳಗೆ ನಡೆಯುವ ಹೊಸಬನಿಗೆ ಅದೇ ಅಪಾಯ. ಮೂಲೆಯಲ್ಲಿ ತೂಕಡಿಸುತ್ತ ನಿಂತ ಮೀನಿಗೆ ತಲೆ ಕೊಟ್ಟು, ಕೂದಲಿಗೆಲ್ಲ ಲೋಳೆ ಮೆತ್ತಿಕೊಂಡವನನ್ನು ಕಂಡರೆ “ಈ ವಾರ ಬಂದ್ರಾ?” ಎಂದು ವಿಚಾರಿಸುವುದು ಅಲ್ಲಿನ ಮರ್ಯಾದೆ. ಮಳೆ ಬರುವ ಮುನ್ನ ಹೊರಗಿನ ಒತ್ತಡ ಇಳಿದು ಮೀನಿನೊಳಗಿನ ಗಾಳಿಚೀಲ ಉಬ್ಬುತ್ತದೆ, ಮೀನು ಮೊಳದಷ್ಟು ಮೇಲೇರುತ್ತದೆ. ಅಲ್ಲಿನವರು ರೇಡಿಯೋದ ಹವಾಮಾನ ವರ್ತಮಾನ ಕೇಳುವುದಿಲ್ಲ. ಕತ್ತೆತ್ತಿ ನೋಡಿ ಕೊಡೆ ತೆಗೆದುಕೊಳ್ಳುತ್ತಾರೆ. ಮೀನೂಟವೂ ಉಂಟು. ಆದರೆ ಅದು ಬೇರೆ ಊರಿನ ಹೊಳೆಯದು, ಬೆಳಿಗ್ಗೆ ಸೈಕಲ್ಲಿನ ಮೇಲೆ ಬರುವಂಥದು. ನಾಲ್ಕರ ಮೇಲೆ ಯಾರಾದರೂ ಹುರಿಯುವುದಾದರೆ ಕಿಟಕಿ ಮುಚ್ಚಿ ಹುರಿಯಬೇಕು. ಸೌಜನ್ಯದ ಪ್ರಶ್ನೆ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಮೌನದ್ದು. ಮೀನಿರುವ ಹೊತ್ತಿನಲ್ಲಿ ಊರು ಪಿಸುಮಾತಿಗೆ ಇಳಿಯುತ್ತಿತ್ತು. ತರಕಾರಿಯವಳು ಬೆರಳೆತ್ತಿ ಬೆಲೆ ಹೇಳುತ್ತಿದ್ದಳು. ಗಂಡ ಹೆಂಡಿರು ಜಗಳವನ್ನು ನಾಲ್ಕರೊಳಗೆ ಮುಗಿಸುತ್ತಿದ್ದರು, ಇಲ್ಲವೇ ದೀಪ ಹಚ್ಚಿದ ಮೇಲೆ ಮುಂದುವರಿಸುತ್ತಿದ್ದರು. ಮೀನಿಗೆ ಗಲಾಟೆ ಆಗದು ಎಂಬುದಕ್ಕೆ ಅವರ ಬಳಿ ಪುರಾವೆಗಳೂ ಇದ್ದವು. ಹಸುಗೂಸು ಅತ್ತರೆ ಬೀದಿಯ ಮೀನೆಲ್ಲ ಆ ಕಿಟಕಿಗೆ ಬಂದು ಮುತ್ತುತ್ತಿದ್ದವು. ಗದರಿಸಲು ಬಂದಿವೆ ಎಂದು ತಾಯಂದಿರು ಕೂಸನ್ನೆತ್ತಿಕೊಂಡು ಒಳಕೋಣೆಗೆ ಓಡುತ್ತಿದ್ದರು. ಹಿಂದೊಮ್ಮೆ ಟೆಂಟ್ ಸಿನಿಮಾದವನು ನಾಲ್ಕೂವರೆಗೆ ಧ್ವನಿವರ್ಧಕ ಹಚ್ಚಿದಾಗ ಕೆರೆಯ ಅಷ್ಟೂ ಮೀನು ಆ ತುತ್ತೂರಿಯ ಸುತ್ತ ನೆರೆದು ಅಲ್ಲಾಡದೆ ನಿಂತವಂತೆ. ಊರಿನ ಹಿರಿಯರು ಅದನ್ನು ಮುಷ್ಕರವೆಂದು ತಿಳಿದು ಟೆಂಟನ್ನೇ ಕೀಳಿಸಿದರು. ಇದನ್ನೆಲ್ಲ ನನಗೆ ಹೇಳಿದವನು ಕಾಲೇಜಿನ ಅಟೆಂಡರ್ ಸಿದ್ದವೀರಯ್ಯ. ನಾನೂ ತಲೆಯಾಡಿಸಿ ನಂಬಿದೆ.

ಅಲ್ಲಿ ಪ್ರತಿ ಮನೆಗೂ ಒಂದು ಮೀನು. ಅದು ದಿನವೂ ಅದೇ ಅಂಗಳಕ್ಕೆ ಬರುತ್ತದೆ. ಬಾಗಿಲ ಚೌಕಟ್ಟಿಗೆ ಅದರ ಒಂದು ಉದುರಿದ ಹುರುಪೆಯನ್ನು ಮೊಳೆ ಹೊಡೆದು ಸಿಕ್ಕಿಸಿರುತ್ತಾರೆ. ಮರದ ಕಾಂಡದ ಹಾಗೆ ಹುರುಪೆಯಲ್ಲೂ ವರ್ಷದ ಬಳೆಗಳಿರುವುದರಿಂದ ಮೀನಿನ ವಯಸ್ಸು ಬಂದವರಿಗೆಲ್ಲ ತಿಳಿಯುತ್ತದೆ. ಹೊಸ ಬಾಡಿಗೆದಾರ ಬಂದರೆ ಅಂಗಳದ ನಡುವೆ ನಿಲ್ಲಬೇಕು. ಮೀನು ಅವನಿಗೆ ಒಂದು ಗೇಣಿನೊಳಗೆ ಬಂದರೆ ಮನೆ ಅವನದು. ಬರದಿದ್ದರೆ ಅವನ ನಡತೆಯಲ್ಲಿ ಏನೋ ಐಬಿದೆ ಎಂದರ್ಥ.

ನಾನು ಈಗಾಗಲೇ ಎರಡು ಮನೆಯಲ್ಲಿ ನಪಾಸಾಗಿದ್ದೆ. ಮೊದಲನೆಯದರಲ್ಲಿ ಒಂದು ರೋಹು ನನ್ನನ್ನು ಐದಡಿ ದೂರದಿಂದ ನೋಡಿ ಬಾಲ ಝಾಡಿಸಿ ಕಾಂಪೌಂಡು ದಾಟಿ ಹೋಯಿತು. ಎರಡನೆಯದರಲ್ಲಿ ಒಂದು ಕೊರವ ಮೀನು ಅಟ್ಟ ಹತ್ತಿ ಕೂತು ಇಳಿಯಲೇ ಇಲ್ಲ. “ಬೇಸರ ಮಾಡ್ಕೋಬೇಡಿ ಸ್ವಾಮಿ,” ಎಂದಿದ್ದರು ಮನೆಯಾತ, “ಹಿಂದಿನ ಬಾಡಿಗೆಯೋರಿಗೂ ಇದು ಹಿಂಗೇ ಮಾಡ್ತು. ಆದ್ರೆ ಅವರು ಕಳ್ಳರು.”

ಐಬು ಏನೆಂದು ನನಗೆ ಗೊತ್ತಿತ್ತು. ಮೀನಿನ ಎರಡೂ ಪಕ್ಕಗಳಲ್ಲಿ ಕಿವಿರಿನಿಂದ ಬಾಲದವರೆಗೆ ಚುಕ್ಕಿ ಹೊಲಿಗೆಯಂತೆ ಒಂದು ಗೆರೆ ಓಡುತ್ತದೆ, ಪಾರ್ಶ್ವರೇಖೆ ಎನ್ನುತ್ತೇವೆ. ಹತ್ತಿರದಲ್ಲಿ ಏನು ಅಲುಗಿದರೂ ಅದಕ್ಕೆ ತಿಳಿಯುತ್ತದೆ. ಕಣ್ಣು ಮುಚ್ಚಿದರೂ ಗೋಡೆಗೆ ಡಿಕ್ಕಿ ಹೊಡೆಯದೆ ಈಜುವುದು ಆ ಗೆರೆಯಿಂದಲೇ, ಮುಚ್ಚಲು ರೆಪ್ಪೆ ಇದ್ದಿದ್ದರೆ. ನನಗೋ, ಯಾರಾದರೂ ಪರೀಕ್ಷಕರ ಹಾಗೆ ನಿಂತು ನೋಡಿದರೆ ಸಾಕು, ಬಿ.ಎಸ್ಸಿ. ಮೌಖಿಕ ಪರೀಕ್ಷೆಯ ದಿನದಿಂದ ಇಂದಿನವರೆಗೂ, ಮಂಡಿ ನಡುಗುತ್ತದೆ. ಮೀನಿನ ಪಾಲಿಗೆ ನಾನು ಪಂಚೆ ಉಟ್ಟ ಒಂದು ಭೂಕಂಪ.

“ಉಸಿರು ಹಿಡೀರಿ ಮೇಷ್ಟ್ರೇ,” ಎಂದು ಸಿದ್ದವೀರಯ್ಯ ಉಪದೇಶಿಸಿದ. “ಹೊಟ್ಟೆ ಖಾಲಿ ಇರ್ಲಿ. ತಲೆ ಖಾಲಿ ಇರ್ಲಿ. ಮುಖ್ಯ, ಸದ್ದು ಮಾಡ್ಬೇಡಿ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ನಮ್ಮೂರಾಗೆ ಮೌನ ಅಂದ್ರೆ ಮನೆ.” ಅವನ ಸಲಹೆಯಂತೆ ತಲೆಯ ಮೇಲೆ ನೀರು ತುಂಬಿದ ಬೀಕರಿಟ್ಟುಕೊಂಡು ಅಲುಗದೆ ನಿಲ್ಲುವ ಅಭ್ಯಾಸ ಮಾಡಿದೆ. ಮೂರು ವಾರದಲ್ಲಿ ನಡುಕವೇನೂ ಕಡಿಮೆಯಾಗಲಿಲ್ಲ, ಬೀಕರುಗಳು ಕಡಿಮೆಯಾದವು.

ಊರಿನಲ್ಲಿ ಖಾಲಿ ಉಳಿದಿದ್ದದ್ದು ಒಂದೇ ಮನೆ, ಹೊಂಬಾಳಮ್ಮನವರದು. ಅವರು ಅರವತ್ತರ ಸಣಕಲು ವಿಧವೆ. ಹುಟ್ಟಿದಂದಿನಿಂದ ಪಿಸುಗುಟ್ಟಿ ಪಿಸುಗುಟ್ಟಿ ಅವರ ದನಿ ಒಣಗಿದ ತೆಂಗಿನ ಗರಿ ಎಳೆದ ಹಾಗಾಗಿತ್ತು. ಭಾನುವಾರ ನಾಲ್ಕಕ್ಕೆ ಬನ್ನಿ ಎಂದು ಅವರು ಗೊತ್ತು ಮಾಡಿದ್ದರು. ನಾಲ್ಕಕ್ಕೆ ಪರೀಕ್ಷೆ, ಏಳಕ್ಕೆ ಬಸ್ಸು. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಡ್ರೈವರನಿಗೆ ಮೀನಿಗೆ ಮುಂಚೆ ಊರು ಮುಟ್ಟಿ ನಿದ್ದೆ ಮಾಡುವ ಆಸೆಯಾಗಿತ್ತು.

ಹಾಗಾಗಿ ಮೂರು ಗಂಟೆ ಐವತ್ತು ನಿಮಿಷಕ್ಕೆ ನಾನು, ನನ್ನ ಹೆಂಡತಿ, ನನ್ನ ಅತ್ತೆ ಹೊಂಬಾಳಮ್ಮನವರ ಅಂಗಳದಲ್ಲಿದ್ದೆವು. ಟ್ರಂಕು ಮತ್ತು ಒರಳುಕಲ್ಲನ್ನು ಕೂಲಿಯವನು ಗೇಟಿನ ಹತ್ತಿರವೇ ಇಳಿಸಿ, ಗಡಿಯಾರ ನೋಡಿ ಓಡಿಹೋಗಿದ್ದ.

“ಒರಳುಕಲ್ಲು ಎಲ್ಲಿ ಇಡೋದು?” ಎಂದರು ಅತ್ತೆ.

“ಆಮೇಲೆ ಇಡೋಣ. ಅತ್ತೆ, ಒಂದು ವಿಷಯ. ಈ ಊರಲ್ಲೊಂದು ಪದ್ಧತಿ. ಇನ್ನು ದೀಪ ಹಚ್ಚೋವರೆಗೆ ಯಾರೂ ಮಾತಾಡೋ ಹಾಗಿಲ್ಲ.”

“ವ್ರತಾನಾ?”

“ಹಾಗೇ ಅಂದ್ಕೊಳ್ಳಿ.”

ವ್ರತವೆಂದರೆ ಅತ್ತೆಯವರು ಎದುರಾಡುವವರಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ಜಗಲಿಯ ಮೇಲೆ ಕೂತರು. ಅವರ ಮನೆ ಅಕ್ಕಿ ಗಿರಣಿಯ ಪಕ್ಕದಲ್ಲಿದೆ. ಮೂವತ್ತು ವರ್ಷ ಗಿರಣಿಯ ಯಂತ್ರದ ಮೇಲೆ ಕೂಗಿ ಮಾತಾಡಿ ಹದಗೊಂಡ ದನಿ ಅದು. ಅವರು ಗುಟ್ಟು ಹೇಳಿದರೆ ಪಕ್ಕದ ಬೀದಿಯವರು “ಹೌದಾ?” ಎನ್ನುತ್ತಾರೆ. ಆ ದನಿಯನ್ನು ಸೆರಗಿನ ಹಿಂದೆ ಹಿಡಿದಿಟ್ಟಾಗ ಅವರ ಕುತ್ತಿಗೆಯ ನರಗಳು ಏಳುವುದನ್ನು ನೋಡಿ, ಸೀಟಿ ಕೂಗುವ ಮುಂಚಿನ ಕುಕ್ಕರು ನೆನಪಾಯಿತು.

ಹೊಂಬಾಳಮ್ಮ ಹೆಗಲ ಮೇಲೆ ಇಂಚು ಗೆರೆ ಹಾಕಿದ ಉದ್ದದ ಅಳತೆಕೋಲು ಹೊತ್ತು ಬಂದರು. ಅತ್ತೆಯವರನ್ನು ನೋಡಿ ನನ್ನ ಕಿವಿಗೆ ಬಾಗಿದರು. “ಅಮ್ಮಾರು ಮಾತು ಹೆಂಗೆ?”

“ಬಲು ಕಡಿಮೆ,” ಎಂದು ಪಿಸುಗುಟ್ಟಿದೆ. ವಾರಿಜ ತಲೆ ತಗ್ಗಿಸಿ ಸೆರಗಿನ ದಾರ ಎಣಿಸತೊಡಗಿದಳು.

ನಾಲ್ಕಾಯಿತು. ಕೆರೆಯ ಕಡೆಯಿಂದ ಹಸಿ ಪಾಚಿಯ ವಾಸನೆ ಬಂತು. ಮೊದಲು ಬೀದಿಯಲ್ಲಿ ಬೆಳ್ಳಿಚೂರು ಚೆಲ್ಲಿದ ಹಾಗೆ ಸಣ್ಣ ಮೀನಿನ ಹಿಂಡೊಂದು ಹಾದುಹೋಯಿತು. ಸಾವಿರ ಮೀನು ಒಂದೇ ಮೈಯಂತೆ ಮೂಲೆ ತಿರುಗಿದವು, ಒಂದಕ್ಕೊಂದು ತಾಗದೆ. ಜಗಲಿಯ ಮೇಲೆ ಅತ್ತೆಯವರ ಕಣ್ಣು ಬಟ್ಟಲಾಯಿತು, ಆದರೆ ವ್ರತ ನೆನಪಾಗಿ ಸೆರಗನ್ನು ಇನ್ನಷ್ಟು ಒತ್ತಿ ಹಿಡಿದರು. ಅವು ಹೋದ ಮೇಲೆ ಕಾಂಪೌಂಡಿನ ಮೇಲೆ ಒಂದು ತಲೆ ಎದ್ದಿತು.

“ದೊಡ್ಡಯ್ಯ,” ಎಂದು ಹೊಂಬಾಳಮ್ಮ ಭಕ್ತಿಯಿಂದ ಉಸುರಿದರು.

ಕಾಟ್ಲಾ ನೀರಿನ ಮೇಲ್ಪದರದಲ್ಲಿ ತಿನ್ನುವ ಮೀನು. ಆದ್ದರಿಂದ ಅದರ ಬಾಯಿ ಮೇಲ್ಮುಖವಾಗಿರುತ್ತದೆ, ಕೆಳದುಟಿ ದಪ್ಪಗೆ ಮುಂದೆ ಚಾಚಿರುತ್ತದೆ. ಅದೊಂದು ಅಂಗರಚನೆ ಅಷ್ಟೇ ಎಂದು ನಾನು ತರಗತಿಯಲ್ಲಿ ಹೇಳಿದ್ದೇನೆ. ಆದರೆ ಅಂಗಳದ ನಡುವೆ ಒಬ್ಬನೇ ನಿಂತವನಿಗೆ ಆ ತುಟಿ, ಅರ್ಜಿ ಓದುವ ಮುಂಚೆಯೇ ತಿರಸ್ಕರಿಸಿದ ಸಾಹೇಬರ ತುಟಿಯಂತೆ ಕಾಣುತ್ತದೆ. ಅಂಗೈಯಗಲ ತಲೆಯಲ್ಲ, ಮೊರದಗಲ ತಲೆ. ರೂಪಾಯಿ ನಾಣ್ಯದಷ್ಟು ದೊಡ್ಡ ಹುರುಪೆಗಳು, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು. ದೊಡ್ಡಯ್ಯ ಕಾಂಪೌಂಡು ದಾಟಿ, ಎದೆಯ ಈಜುರೆಕ್ಕೆಗಳನ್ನು ಬಿಚ್ಚಿ ಬ್ರೇಕು ಹಾಕಿ ನಿಂತ. ಶಾರ್ಕಿನ ಜಾತಿಯ ಎಷ್ಟೋ ಮೀನು ಈಜುತ್ತಲೇ ಇರಬೇಕು, ನಿಂತರೆ ಉಸಿರು ಕಟ್ಟುತ್ತದೆ, ಮುಳುಗುತ್ತವೆ. ಮೂಳೆಮೀನಿಗೆ ಆ ಕಷ್ಟವಿಲ್ಲ. ಕಿವಿರಿನ ಮುಚ್ಚಳ ಪಟಪಟ ಬಡಿದುಕೊಂಡು, ಗಾಳಿಚೀಲದ ಬಲದಿಂದ ತೇಲಿಕೊಂಡು, ಬೇಕಾದಷ್ಟು ಹೊತ್ತು ಒಂದೇ ಕಡೆ ನಿಂತು ಮನುಷ್ಯನನ್ನು ದಿಟ್ಟಿಸಬಹುದು. ದೊಡ್ಡಯ್ಯ ದಿಟ್ಟಿಸಿದ.

ನನ್ನ ಎಡಮಂಡಿ ಶುರುಮಾಡಿತು. ಬಲಮಂಡಿ ಕೂಡಿಕೊಂಡಿತು.

ದೊಡ್ಡಯ್ಯ ಆರಡಿ ದೂರದಲ್ಲಿ ಒಂದು ಸುತ್ತು ಹಾಕಿದ. ಅವನ ಪಕ್ಕದ ಗೆರೆಗೆ ನನ್ನ ಮಂಡಿಗಳ ವರ್ತಮಾನ ಮುಟ್ಟಿದ್ದು ನನಗೇ ತಿಳಿಯಿತು, ಮೈಯೆಲ್ಲ ಒಮ್ಮೆ ಜುಮ್ಮೆಂದು ಪಕ್ಕಕ್ಕೆ ಸರಿದ. ಇನ್ನೊಂದು ಸುತ್ತು, ಈಗ ಏಳಡಿ. ಹೊಂಬಾಳಮ್ಮ ಕೋಲು ಚಾಚಿ ನೋಡಿ, ಏಳು ಬೆರಳೆತ್ತಿ, ತುಟಿ ಕೊಂಕಿಸಿದರು. ದೊಡ್ಡಯ್ಯ ನನಗೆ ಬಾಲ ತೋರಿಸಿ ಕಾಂಪೌಂಡಿನ ಕಡೆ ತಿರುಗಿದ.

“ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ,” ಎಂದು ಹೊಂಬಾಳಮ್ಮ ಪಿಸುಗುಟ್ಟಿದರು. “ದೊಡ್ಡಯ್ಯ ಒಲ್ಲೆ ಅಂದ. ಮನೆ ಕೊಡಕ್ಕಾಗಲ್ಲ.”

ಅವರ ಪಿಸುಮಾತು ಜಗಲಿಯವರೆಗೆ ಹೋಯಿತು. ಸೆರಗು ಬಾಯಿಂದ ಕೆಳಗೆ ಬಿತ್ತು.

“ಏನಂದ್ರಿ? ಮನೆ ಕೊಡಕ್ಕಾಗಲ್ಲ ಅಂದ್ರಾ?” ಎಂದರು ಅತ್ತೆ. ಆಚೆಮನೆಯ ಕಿಟಕಿ ದಡಾರನೆ ಮುಚ್ಚಿಕೊಂಡಿತು. “ಅಳಿಯಂದ್ರೇ, ಇದು ನಿಮ್ಮನೆ ಅಲ್ವಾ?”

ನಾನು ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಆ ಕ್ಷಣದಲ್ಲಿ ನನಗೂ ದೊಡ್ಡಯ್ಯನಿಗೂ ಇದ್ದ ವ್ಯತ್ಯಾಸ ಈಜುರೆಕ್ಕೆ ಒಂದೇ.

“ಪೂರ್ವದಿಕ್ಕಿನ ಬಾಗಿಲು ಅಂದ್ರಿ! ಅಂಗಳದಲ್ಲಿ ನಲ್ಲಿ ಅಂದ್ರಿ! ಬಾಗಿಲಿದೆ, ನಲ್ಲಿ ಇದೆ, ಮನೆ ಮಾತ್ರ ಮೀನಿಂದು! ಇಷ್ಟು ದಿನ ಎಲ್ರೀ ಮಲಗ್ತಿದ್ರಿ?”

“ಲ್ಯಾಬಲ್ಲಿ, ಕಪ್ಪೆ ಕೊಯ್ಯೋ ಮೇಜಿನ ಮೇಲೆ.”

“ಕೇಳೇ ವಾರಿಜಾ, ಮೇಜಿನ ಮೇಲಂತೆ! ನನ್ನ ಮಗಳನ್ನ ನಾನು ಕಾಲೇಜ್ ಮೇಷ್ಟ್ರಿಗೆ ಕೊಟ್ಟೆನೋ, ಮೀನಿನ ಒಕ್ಕಲಿಗೆ ಕೊಟ್ಟೆನೋ? ಒರಳುಕಲ್ಲು ಹೊತ್ಕೊಂಡು ಬಂದಿದೀನಿ ಕಣ್ರೀ, ಒರಳುಕಲ್ಲು! ಆ ಕಂಡಕ್ಟರ್ ಹತ್ರ ಅನ್ನಿಸ್ಕೊಂಡು!”

ಹೊಂಬಾಳಮ್ಮ ಎರಡೂ ಕೈಯೆತ್ತಿ ಅವರನ್ನು ಸುಮ್ಮನಿರಿಸಲು ಓಡಿದವರು, ಅರ್ಧ ದಾರಿಯಲ್ಲಿ ನಿಂತುಬಿಟ್ಟರು. ಅವರ ಕಣ್ಣು ಕಾಂಪೌಂಡಿನ ಕಡೆ ಇತ್ತು. ನಾನೂ ನೋಡಿದೆ.

ದೊಡ್ಡಯ್ಯ ಹೋಗಿರಲಿಲ್ಲ. ಬಾಲ ಕಾಂಪೌಂಡಿನ ಆಚೆ, ತಲೆ ಈಚೆ, ಅರ್ಧಕ್ಕೆ ನಿಂತಿದ್ದ. ಅತ್ತೆ “ಒರಳುಕಲ್ಲು” ಎಂದಾಗಲೆಲ್ಲ ಅವನ ಹೊಟ್ಟೆಯ ಹುರುಪೆಗಳು ತಮಟೆಯ ಚರ್ಮದ ಹಾಗೆ ಸಣ್ಣಗೆ ಕಂಪಿಸುತ್ತಿದ್ದವು. ಮೆಲ್ಲನೆ ತಿರುಗಿದ. ಅಂಗಳಕ್ಕೆ ಮರಳಿದ.

ಅತ್ತೆ ಜಗಲಿ ಇಳಿದು ನನ್ನೆದುರು ಬಂದು ನಿಂತು, ನಮ್ಮ ಮದುವೆಯ ಮಾತುಕತೆಯಿಂದ ಹಿಡಿದು ಮೊನ್ನೆಯ ಟ್ರಂಕ್‌ಕಾಲ್‌ವರೆಗೆ ಒಂದೊಂದನ್ನೇ ಎತ್ತಿ ಆಡತೊಡಗಿದರು. ಆಗ ಒಂದು ವಿಚಿತ್ರ ನಡೆಯಿತು. ನನ್ನ ಮಂಡಿ ನಿಂತವು. ಪರೀಕ್ಷಕರ ಮುಂದೆ ನಡುಗುವ ದೇಹ ಅತ್ತೆಯ ಬೈಗುಳದ ಕೆಳಗೆ ಮರಗಟ್ಟುತ್ತದೆ ಎಂಬುದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ನೆರಳು ಬಿದ್ದಾಗ ತಳದ ಕೆಸರಿಗೆ ಅಂಟಿ ಸತ್ತಂತಿರುವ ಮೀನುಗಳಿವೆಯಲ್ಲ, ಹಾಗೆ. ಮೂರು ವಾರ ಬೀಕರು ಹೊತ್ತು ಸಾಧಿಸಲಾಗದ ನಿಶ್ಚಲತೆ ಕ್ಷಣಮಾತ್ರದಲ್ಲಿ ಸಿದ್ಧಿಸಿತು.

ದೊಡ್ಡಯ್ಯ ಐದಡಿಗೆ ಬಂದ. ಹೊಂಬಾಳಮ್ಮ ಕೋಲು ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಸರಿಯತೊಡಗಿದರು. ನಾಲ್ಕಡಿ. ಮೂರು. ಕಾಂಪೌಂಡಿನ ಮೇಲೆ ನೆರೆಹೊರೆಯವರ ತಲೆಗಳು ಸಾಲಾಗಿ ಎದ್ದವು, ಅವರ ನಡುನಡುವೆ ಅವರವರ ಮನೆಯ ಮೀನುಗಳ ತಲೆಗಳೂ. ಸಿದ್ದವೀರಯ್ಯನ ತಲೆ ಒಂದು ಬಾಳೆಮೀನಿನ ಪಕ್ಕದಲ್ಲಿತ್ತು. ಇಬ್ಬರ ಬಾಯಿಯೂ ತೆರೆದಿತ್ತು. ಎರಡಡಿ.

ಆಗ ಅತ್ತೆಯವರಿಗೆ ತಮ್ಮ ಭುಜದ ಹಿಂದೆ ಏನೋ ಇರುವ ಅನುಮಾನ ಬಂದು ತಿರುಗಿದರು. ಮೊರದಗಲದ ತಲೆಯನ್ನು ಕಂಡು ಮಾತು ನಿಂತಿತು. “ಇದೇನ್ರೀ ಇದು, ಹೀಗೆ ನೋಡ್ತಿದೆ?”

ಅಂಗಳದಲ್ಲಿ ನಿಶ್ಶಬ್ದ. ದೊಡ್ಡಯ್ಯ ನಿಂತ. ಕಿವಿರು ಒಮ್ಮೆ, ಎರಡು ಸಲ ಬಡಿಯಿತು. ಆಸಕ್ತಿ ಹೋದವನಂತೆ ಹಿಂದಕ್ಕೆ ತೇಲತೊಡಗಿದ.

“ನಿಲ್ಲಿಸ್ಬೇಡಿ ಅಮ್ಮಾ!” ಹೊಂಬಾಳಮ್ಮನ ಒಣಗರಿ ದನಿ ಬಿರಿಯಿತು. “ಬೈಯಿರಿ! ನಿಮ್ಮ ದಮ್ಮಯ್ಯ, ಬೈಯಿರಿ!”

“ನೀವು ಹೇಳ್ದಾಗ ಬೈಯೋಕೆ ನಾನೇನು ರೇಡಿಯೋನಾ?” ಎಂದು ಅತ್ತೆ ಮುಖ ತಿರುಗಿಸಿದರು. ಬೈಯಬೇಡಿ ಎಂದವರನ್ನು ಅವರು ಬಹಳ ಕಂಡಿದ್ದರು, ಬೈಯಿರಿ ಎಂದವರನ್ನು ಅಲ್ಲ. ಅದರಲ್ಲಿ ಏನೋ ಮೋಸ ಇರಬೇಕೆಂದು ಅವರಿಗೆ ಅನ್ನಿಸಿತು. “ನನಗಿನ್ನು ಮಾತೇ ಇಲ್ಲ. ವಾರಿಜಾ, ಟ್ರಂಕ್ ಎತ್ತು. ದೀಪ ಹಚ್ಚಿದ್ಮೇಲೆ ಬಸ್ ಹೊರಡುತ್ತಂತೆ. ಹೋಗಣ ನಡಿ.”

ನಾಲ್ಕಡಿ. ಐದಡಿ. ಮನೆಯೂ ಹೆಂಡತಿಯೂ ಒಂದೇ ವೇಗದಲ್ಲಿ ನನ್ನಿಂದ ದೂರ ಸರಿಯುತ್ತಿದ್ದರು. ವಾರಿಜ ಟ್ರಂಕಿನ ಕಡೆ ಒಂದು ಹೆಜ್ಜೆ ಇಟ್ಟು ನಿಂತಳು. ಮೀನನ್ನು ನೋಡಿದಳು, ಕೋಲನ್ನು ನೋಡಿದಳು, ನನ್ನನ್ನು ನೋಡಿದಳು. ನಾವಿಬ್ಬರೂ ಒಟ್ಟಿಗೆ ಕಳೆದದ್ದು ಎಲ್ಲ ಸೇರಿ ಹನ್ನೆರಡು ದಿನ. ಆದರೂ ಆ ನೋಟ ನನಗೆ ಅರ್ಥವಾಯಿತು, ಅರ್ಥವಾಗಿ ಹೆದರಿಕೆಯಾಯಿತು.

“ಅಮ್ಮಾ,” ಎಂದಳು ಮೆಲ್ಲಗೆ, “ಹೆಂಗೂ ಹೊರಟಿದೀವಿ, ಹೇಳ್ಬಿಡ್ತೀನಿ. ನಿನ್ನ ಸಾರಲ್ಲಿ ಹುಣಸೆಹುಳಿ ಬಿಟ್ರೆ ಬೇರೇನೂ ಇರಲ್ಲ ಅಂತ ಇವ್ರು ಮದುವೆ ಆದ ವಾರವೇ ಹೇಳಿದ್ರು.”

ಅದು ಸುಳ್ಳು. ನಾನು ಹೇಳಿದ್ದು ಎರಡನೆಯ ತಿಂಗಳಲ್ಲಿ.

ಅತ್ತೆ ತಿರುಗಿದರು. ಮೊದಲು ಉದ್ದಕ್ಕೆ ಉಸಿರು ಒಳಗೆ ಹೋಯಿತು. ಆ ಉಸಿರಿಗೇ ದೊಡ್ಡಯ್ಯನ ತಲೆ ಇತ್ತ ತಿರುಗಿತು. ಆಮೇಲೆ ಮಾತು ಬಂತು.

“ನನ್ನ ಸಾರು! ನನ್ನ ಸಾರಲ್ಲಿ ಹುಳಿ! ಮೂರು ಮೂರು ಸಲ ಬಡಿಸ್ಕೊಂಡು, ತಟ್ಟೆ ಎತ್ತಿ ಕುಡಿದೋರು ಯಾರ್ರೀ? ಗಿರಣಿ ಸಾಹುಕಾರರು ಬಿಂದಿಗೆ ತಂದು ತಗೊಂಡು ಹೋಗ್ತಾರೆ ನನ್ನ ಸಾರನ್ನ! ಸತ್ತ ಕಪ್ಪೆ ಪಕ್ಕ ಮಲಗೋ ಮೂಗಿಗೆ ಸಾರಿನ ವಾಸನೆ ಏನ್ ಗೊತ್ತಾಗುತ್ತೆ? ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತಲ್ಲಪ್ಪ ನನ್ನ ಬಾಳು!”

ಹೀಗೆನ್ನುತ್ತ ಅವರು ನನ್ನ ಮೂಗಿನೆದುರಿಗೇ ಬಂದರು. ದೊಡ್ಡಯ್ಯ ಸುತ್ತಲಿಲ್ಲ, ತೂಗಲಿಲ್ಲ. ಕವಲು ಬಾಲ ಒಂದೇ ಸಲ ಬೀಸಿ ಬಾಣದಂತೆ ಬಂದು ಅವರ ಭುಜದ ಮೇಲೆ ತಲೆಯಿಟ್ಟ ಹಾಗೆ ನಿಂತ. ನಾವು ಮೂವರೂ ಮುಖಕ್ಕೆ ಮುಖ ಕೊಟ್ಟಿದ್ದೆವು. ಅತ್ತೆಯವರ ಬಾಯಿ ನಡೆಯುತ್ತಿತ್ತು, ಅದರ ತಾಳಕ್ಕೆ ದೊಡ್ಡಯ್ಯನ ಕಿವಿರು ತೆರೆದು ಮುಚ್ಚುತ್ತಿತ್ತು, ನಾನು ಕಲ್ಲಾಗಿದ್ದೆ. ರೆಪ್ಪೆಯಿಲ್ಲದ ಆ ಕಣ್ಣಿನಲ್ಲಿ ನನ್ನ ಮುಖ ಎರಡು ಬೆರಳಿನಷ್ಟು ಕಾಣುತ್ತಿತ್ತು, ಮತ್ತು ಅದಕ್ಕೂ ರೆಪ್ಪೆ ಇದ್ದಂತೆ ತೋರಲಿಲ್ಲ. ಹೊಂಬಾಳಮ್ಮನ ಕೋಲು ನನ್ನ ಮೂಗಿನ ಪಕ್ಕದಲ್ಲಿ ತೂರಿ ಬಂತು.

“ಗೇಣೊಳಗೆ ಬಂತು!” ಎಂದು ಅವರು ಕಿರುಚಿದರು. ಅರವತ್ತು ವರ್ಷದಲ್ಲಿ ಮೊದಲ ಸಲ. ಕಾಂಪೌಂಡಿನ ಮೇಲಿನ ಮೀನುಗಳೆಲ್ಲ ಅವರ ಕಡೆ ತಿರುಗಿದವು.

ನನಗೆ ಆಗ ನೆನಪಾಯಿತು. ನೆನಪಾಗಿ ನಾಚಿಕೆಯಾಯಿತು. ಕಾಟ್ಲಾ, ರೋಹು, ಕೆಂಡೆ, ಬಾಳೆಮೀನು ಇವುಗಳ ಒಳಗಿವಿಗೂ ಗಾಳಿಚೀಲಕ್ಕೂ ನಡುವೆ ಬೆನ್ನೆಲುಬಿನಿಂದ ಹುಟ್ಟಿದ ನಾಲ್ಕು ಜೊತೆ ಪುಟ್ಟ ಮೂಳೆಗಳ ಕೊಂಡಿ ಇದೆ. ಸದ್ದು ಬಿದ್ದಾಗ ಗಾಳಿಚೀಲ ಡೋಲಿನಂತೆ ನಡುಗುತ್ತದೆ, ಆ ನಡುಕವನ್ನು ಮೂಳೆಗಳು ಕಿವಿಗೆ ದಾಟಿಸುತ್ತವೆ. ಬೇರೆ ಮೀನಿಗೆ ಕೇಳದ ಸದ್ದು ಇವಕ್ಕೆ ಕೇಳುತ್ತದೆ. ಆರು ವರ್ಷದಿಂದ ಇದರ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ, ಐದು ಅಂಕದ ಪ್ರಶ್ನೆ ಹಾಕಿದ್ದೇನೆ. ಕೂಸು ಅತ್ತಾಗ ಕಿಟಕಿಗೆ ಬಂದ ಮೀನು ಗದರಿಸಲು ಬಂದದ್ದಲ್ಲ. ಟೆಂಟಿನ ತುತ್ತೂರಿಗೆ ನೆರೆದವು ಮುಷ್ಕರಕ್ಕೆ ನೆರೆದದ್ದಲ್ಲ. ಊರಿನವರು ಮರ್ಯಾದೆಯೆಂದು ತಿಳಿದು ತಲೆತಲಾಂತರದಿಂದ ಅವಕ್ಕೆ ಮೌನವನ್ನು ಬಡಿಸಿದ್ದರು. ಪಾಪ, ಅವು ಮಾತು ಕೇಳಲೆಂದೇ ದಿನವೂ ಕೆರೆಯಿಂದ ಎದ್ದು ಬರುತ್ತಿದ್ದವು.

ನಾನು ಇದನ್ನೆಲ್ಲ ವಿವರಿಸಿದೆ. ಯಾರೂ ಕೇಳಲಿಲ್ಲ. ಹೊಂಬಾಳಮ್ಮ ಬಾಗಿಲ ಬೀಗದಕೈಯನ್ನು ಸೊಂಟದಿಂದ ತೆಗೆದು, ನನ್ನನ್ನು ದಾಟಿ ಹೋಗಿ ಅತ್ತೆಯವರ ಕೈಗಿಟ್ಟರು.

“ಮನೆ ಕೊಟ್ಟೆ ಕಣಮ್ಮ. ಆದ್ರೆ ದೊಡ್ಡಯ್ಯ ಒಪ್ಪಿರೋದು ನಿಮ್ಮನ್ನ, ಮೇಷ್ಟ್ರನ್ನಲ್ಲ. ನೀವಿದ್ರೆ ಮಾತ್ರ ಮನೆ.”

“ನಾನಾ? ಇಲ್ಲಿ ಇರೋದಾ? ಮಗಳನ್ನ ಬಿಟ್ಟು ಈ ಬಸ್ಸಿಗೇ ಹೋಗ್ಬೇಕು ನಾನು.” ಹೀಗೆಂದು ಅತ್ತೆ ಬೀಗದಕೈ ವಾಪಸು ಕೊಡಲು ಕೈ ಚಾಚಿದವರು, ಭುಜದ ಮೇಲಿದ್ದ ತಲೆಯ ಕಡೆ ನೋಡಿದರು. ದೊಡ್ಡಯ್ಯ ಅಲುಗದೆ, ಮುಂದಿನ ಮಾತಿಗೆ ಕಾಯುತ್ತಿದ್ದ. ಅತ್ತೆಯವರ ಮುಖ ನಿಧಾನವಾಗಿ ಸಡಿಲವಾಯಿತು.

“ಮೂವತ್ತು ವರ್ಷ ಆ ಗಿರಣಿ ಪಕ್ಕ ಕೂಗಿದೀನಿ,” ಎಂದರು, ಅವರ ಮಟ್ಟಿಗೆ ಮೆಲ್ಲಗೆ. “ಆ ಅಂದ್ರೆ ಆ ಅನ್ನೋರು ಒಬ್ರಿಲ್ಲ. ‘ಏನು? ಏನು?’ ಅಂದೇ ನಮ್ಮ ಯಜಮಾನ್ರು ಆಯಸ್ಸು ಕಳೆದ್ಬಿಟ್ರು. ಇದು ನೋಡು ವಾರಿಜಾ, ರೆಪ್ಪೆ ಬಡೀದೆ ಕೇಳ್ತಿದೆ.”

“ಅದಕ್ಕೆ ರೆಪ್ಪೆ ಇಲ್ಲ ಅತ್ತೆ,” ಎಂದೆ ನಾನು.

“ನೀವು ಸುಮ್ನಿರಿ,” ಎಂದರು ಅತ್ತೆ ಮತ್ತು ವಾರಿಜ, ಒಟ್ಟಿಗೆ.

ದೀಪ ಹಚ್ಚಿದ ಮೇಲೆ ಬಸ್ಸು ಹೊರಟಿತು, ನಮ್ಮವರು ಯಾರೂ ಇಲ್ಲದೆ. ಒರಳುಕಲ್ಲನ್ನು ನಾನೂ ಸಿದ್ದವೀರಯ್ಯನೂ ಸೇರಿ ಉರುಳಿಸಿ, ಅತ್ತೆ ತೋರಿಸಿದ ಜಾಗದಲ್ಲಿ, ಅಂಗಳಕ್ಕೆ ಮುಖ ಮಾಡಿದ ಅಡುಗೆಮನೆ ಕಿಟಕಿಯ ಕೆಳಗೆ ನಿಲ್ಲಿಸಿದೆವು. ಅವರು ಇಂದಿಗೂ ನಾಲ್ಕಕ್ಕೆ ಸರಿಯಾಗಿ ಅಲ್ಲಿ ರುಬ್ಬಲು ಕೂರುತ್ತಾರೆ, ನನ್ನ ಆಯಾ ದಿನದ ತಪ್ಪುಗಳಿಂದ ಆರಂಭಿಸುತ್ತಾರೆ. ಕಿಟಕಿಯಲ್ಲಿ ದೊಡ್ಡಯ್ಯ ಇರುತ್ತಾನೆ. ಹಿಂದೆ ನನ್ನನ್ನು ನಪಾಸು ಮಾಡಿದ ರೋಹುವಿನ ಯಜಮಾನರು ಹೊಸ ಬಾಡಿಗೆದಾರ ಬಂದಾಗಲೆಲ್ಲ ಎಲೆಯಡಿಕೆ ಹಿಡಿದು ಬಂದು, “ಅಮ್ಮಾರನ್ನ ಒಂದರ್ಧ ಗಂಟೆ ಕಳಿಸ್ತೀರಾ?” ಎನ್ನುತ್ತಾರೆ. ಬಾಡಿಗೆದಾರ ಯಾರಾದರೇನು, ಅತ್ತೆಯವರು ಬೈಯುವುದು ನನ್ನನ್ನೇ. ಆದ್ದರಿಂದ ನಾನೂ ಜೊತೆಗೆ ಹೋಗಿ ನಿಲ್ಲಬೇಕಾಗುತ್ತದೆ.

ನಮ್ಮ ಮನೆಯ ಬಾಗಿಲ ಚೌಕಟ್ಟಿನಲ್ಲಿ ಹುರುಪೆಯ ಕೆಳಗೆ ಹೊಂಬಾಳಮ್ಮ ಸುಣ್ಣದಲ್ಲಿ ಆ ದಿನದ ಅಳತೆ ಬರೆಸಿದ್ದಾರೆ. ಕೋಲನ್ನು ನಾನೇ ಮತ್ತೊಮ್ಮೆ ಕಾಲೇಜಿನ ಸ್ಟೀಲ್ ಅಳತೆಪಟ್ಟಿಗೆ ಹೋಲಿಸಿ ನೋಡಿದ್ದೇನೆ, ಸರಿಯಾಗಿದೆ. ನನ್ನ ಮೂಗಿನ ತುದಿಯಿಂದ ದೊಡ್ಡಯ್ಯನ ಕೆಳದುಟಿಗೆ ಇದ್ದ ದೂರ ಎರಡೂಕಾಲು ಇಂಚು.